ಪೇಸ್ಟ್ ಹಚ್ಚಿದರೂ ಹಲ್ಲಿನ ಸೆಟ್ ಏಳುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಶಹಾಪುರದ ನಿವೃತ್ತ ಶಾಲಾ ಮಾಸ್ತರ. ವಯಸ್ಸು 66. ಕೆಳಗಿನ ದವಡೆಯಲ್ಲಿ ಎರಡೂ ಕಡೆ ಹಿಂದಿನ ಹಲ್ಲು ಹೋಗಿವೆ, ಮುಂದಿನ 8 ಹಲ್ಲು ಗಟ್ಟಿ ಇವೆ. ನಾಲ್ಕು ವರ್ಷದ ಹಿಂದೆ ತಂತಿ ಇರುವ, ತೆಗೆದು ಹಾಕುವ ಸೆಟ್ ಮಾಡಿಸಿದೆ. ಎರಡು ವರ್ಷ ಬರಾಬರ್ ಇತ್ತು. ಈಗ ರೊಟ್ಟಿ ಅಗಿದರೆ ಹಿಂದೆ ಕೂರುತ್ತದೆ, ಮುಂದೆ ಏಳುತ್ತದೆ. ಮೆಡಿಕಲ್‌ನಲ್ಲಿ ಕೇಳಿ ಅಂಟಿಸುವ ಪೇಸ್ಟ್ ತಂದೆ. ಮೊದಲು ದಿನಕ್ಕೆ ಒಂದು ಸಲ ಹಚ್ಚುತ್ತಿದ್ದೆ, ಈಗ ಮೂರು ಸಲ. ಹತ್ತು ದಿನಕ್ಕೆ ಟ್ಯೂಬ್ ಖಾಲಿ. ಹೋದ ತಿಂಗಳು ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮದಲ್ಲಿ ಎರಡು ಮಾತಾಡಲು ನಿಂತೆ. ಸೆಟ್ ಎದ್ದು ನಾಲಿಗೆ ಮೇಲೆ ಬಂತು. ಮಂದಿ ಮುಂದೆ ಮರ್ಯಾದೆ ಹೋಯ್ತು ಮೇಡಂ. ಇದಕ್ಕಿಂತ ಗಟ್ಟಿ ಪೇಸ್ಟ್ ಯಾವುದಿದೆ, ಹೆಸರು ಬರೆಯಿರಿ.

ಉತ್ತರ: ಮಾಸ್ತರ್ರೇ, ಹೆಸರು ಬರೆಯುವುದಿಲ್ಲ. ನಿಮಗೆ ಬೇಕಾಗಿರುವುದು ಪೇಸ್ಟ್ ಅಲ್ಲ. ‘ಹಿಂದೆ ಕೂರುತ್ತದೆ, ಮುಂದೆ ಏಳುತ್ತದೆ’ ಎಂದು ನೀವೇ ಬರೆದಿದ್ದೀರಲ್ಲ, ರೋಗ ಅಲ್ಲೇ ಇದೆ.

ಬಂಡಿಗೆ ಹಿಂದೆ ಹೇರು ಜಾಸ್ತಿಯಾದರೆ ನೊಗ ಎತ್ತಿನ ಹೆಗಲು ಬಿಟ್ಟು ಏಳುತ್ತದೆ, ನೋಡಿದ್ದೀರಿ. ನಿಮ್ಮ ಸೆಟ್ಟಿನ ಕತೆಯೂ ಅದೇ. ಮುಂದೆ ಅದು ನಿಮ್ಮ ಸ್ವಂತ ಹಲ್ಲಿನ ಮೇಲೆ ಆನಿಕೊಂಡಿದೆ. ಹಿಂದೆ ಆನಲು ಹಲ್ಲಿಲ್ಲ, ಬರೀ ವಸಡು. ಸೆಟ್ ಮಾಡಿಸಿದಾಗ ಆ ವಸಡು ಯಾವ ಎತ್ತರದಲ್ಲಿತ್ತೋ ಅದೇ ಎತ್ತರಕ್ಕೆ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಆದರೆ ಹಲ್ಲು ಕಿತ್ತ ಜಾಗದ ಮೂಳೆ ಸುಮ್ನೆ ಕೂರುವುದಿಲ್ಲ. ಕರಗುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಅದರಲ್ಲೂ ಕೆಳದವಡೆ. ಬಾಯಿ ತುಂಬಾ ಕಟ್ಟಿಸಿದ ಹಲ್ಲು ಇದ್ದವರನ್ನು 25 ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಳಗಿನ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ನಿಮ್ಮ ಸೆಟ್ ಇದ್ದ ಹಾಗೇ ಇದೆ, ಕೆಳಗಿನ ನೆಲ ಇಳಿದಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪೇಸ್ಟ್ ಹಚ್ಚದೆ ಸೆಟ್ ಹಾಕಿಕೊಳ್ಳಿ. ಕನ್ನಡಿ ಮುಂದೆ ನಿಂತು, ಬೆರಳಿನಿಂದ ಕೊನೆಯ ಕಟ್ಟಿಸಿದ ಹಲ್ಲನ್ನು ಮೆಲ್ಲಗೆ ಒತ್ತಿ. ಮುಂದಿನ ತಂತಿಯೋ ಪಟ್ಟಿಯೋ ಹಲ್ಲು ಬಿಟ್ಟು ಮೇಲೆದ್ದರೆ ಅಡಿಯಲ್ಲಿ ಸಂದು ಬಿದ್ದಿದೆ ಎಂದೇ ಅರ್ಥ.

ಆ ಸಂದನ್ನು ನೀವು ಪೇಸ್ಟಿನಿಂದ ತುಂಬುತ್ತಿದ್ದೀರಿ. ಪೇಸ್ಟ್ ಇರುವುದು ಅದಕ್ಕಲ್ಲ. ಅದು ಎಂಜಲು ಹೀರಿ ಉಬ್ಬುತ್ತದೆ, ಜಿಗುಟಾಗುತ್ತದೆ, ಪ್ಲಾಸ್ಟಿಕ್ಕಿಗೂ ವಸಡಿಗೂ ನಡುವೆ ತೆಳ್ಳನೆ ಪೊರೆಯಾಗಿ ನಿಲ್ಲುತ್ತದೆ. ತೆಳ್ಳಗಿದ್ದಾಗಲೇ ಅದಕ್ಕೆ ಹಿಡಿತ. ದಪ್ಪ ಮೆತ್ತಿದರೆ ಕೆಸರಿನಲ್ಲಿ ಕಾಲಿಟ್ಟ ಹಾಗೆ, ಸೆಟ್ ಅದರ ಮೇಲೇ ಜಾರುತ್ತದೆ. ಮೇಲಿನ ಹಲ್ಲು ಕೂರುವ ಎತ್ತರವೂ ತಪ್ಪುತ್ತದೆ, ಒಂದೇ ಕಡೆ ಒತ್ತಡ ಬೀಳುತ್ತದೆ. ಇಷ್ಟಕ್ಕೂ ನಿಮ್ಮದರಂತೆ ಕೆಲವೇ ಹಲ್ಲು ಕಟ್ಟಿಸಿದ ಅರ್ಧ ಸೆಟ್ಟನ್ನು ಹಿಡಿಯಬೇಕಾದ್ದು ತಂತಿ ಮತ್ತು ಪಕ್ಕದ ಹಲ್ಲು. ಸರಿಯಾಗಿ ಕೂತ ಅರ್ಧ ಸೆಟ್ಟಿಗೆ ಸಾಮಾನ್ಯವಾಗಿ ಪೇಸ್ಟೇ ಬೇಡ.

ನಿಮ್ಮಂಥವರು ಕಲಬುರಗಿಗೆ ನನ್ನ ಹತ್ತಿರ ಬಂದಾಗ ಮೊದಲು ನಾನು ಸೆಟ್ ತೊಳೆಯುತ್ತೇನೆ. ಹಳೇ ಪೇಸ್ಟ್ ತೆಗೆಯಲಿಕ್ಕೇ ಹತ್ತು ನಿಮಿಷ ಬೇಕು! ಆಮೇಲೆ ಅದರ ಒಳಮೈಗೆ ಬೆಣ್ಣೆಯಂಥ ಬಿಳಿ ಸಿಲಿಕೋನ್ ಸವರಿ, ಬಾಯಲ್ಲಿ ಕೂರಿಸಿ, ಮುಂದಿನ ಹಲ್ಲಿನ ಮೇಲೆ ಒತ್ತಿ ಹಿಡಿಯುತ್ತೇನೆ. ಒಂದೆರಡು ನಿಮಿಷಕ್ಕೆ ಅದು ರಬ್ಬರಾಗುತ್ತದೆ. ತೆಗೆದು ಬೆಳಕಿಗೆ ಹಿಡಿದರೆ ಎಲ್ಲ ಕಾಣುತ್ತದೆ. ಬಿಳಿ ಹರಿದು ಗುಲಾಬಿ ಪ್ಲಾಸ್ಟಿಕ್ ಇಣುಕುವ ಕಡೆ ಸೆಟ್ ವಸಡನ್ನು ಅಮುಕುತ್ತಿದೆ. ಬಿಳಿ ದಪ್ಪಗೆ ನಿಂತ ಕಡೆ ಸಂದು. ಒಮ್ಮೆ ಜೇವರ್ಗಿ ಕಡೆಯ ಅಜ್ಜಿಯೊಬ್ಬರಿಗೆ ಅದನ್ನು ತೋರಿಸಿದೆ. ಹಿಂಭಾಗದಲ್ಲಿ ರೊಟ್ಟಿಯಷ್ಟು ದಪ್ಪ ಬಿಳಿ ನಿಂತಿತ್ತು. “ಅಯ್ಯ, ಇಷ್ಟು ಖಾಲಿ ಇತ್ತೇನವ್ವ!” ಎಂದು ಅವರೇ ಬೆರಗಾದರು.

ಇದಕ್ಕೆ ಮದ್ದು ರೀಲೈನಿಂಗ್. ಹಳೇ ಸೆಟ್ಟಿನಲ್ಲೇ ಈಗಿನ ವಸಡಿನ ಅಚ್ಚು ತೆಗೆದು, ಒಳಮೈಗೆ ಹೊಸ ಪ್ಲಾಸ್ಟಿಕ್ ಪದರ ಹಾಕುತ್ತಾರೆ. ಹಲ್ಲು ಅವೇ, ತಂತಿ ಅವೇ. ಹೊಸ ಸೆಟ್ಟಿಗಿಂತ ಖರ್ಚು ಎಷ್ಟೋ ಕಡಿಮೆ. ಮಾಡಿಸಿದ ಮೇಲೆ ನೀಲಿ ಕಾರ್ಬನ್ ಕಾಗದ ಕಚ್ಚಿಸಿ ಎರಡೂ ಕಡೆ ಒಂದೇ ಹೊತ್ತಿಗೆ ತಾಗುತ್ತಿದೆಯಾ ನೋಡಬೇಕು. ಇದನ್ನು ಮಾಡದೆ ಕಳಿಸಿದರೆ ನೀವೇ ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ನಿಮ್ಮ ಊರಲ್ಲಿ ಆಗದಿದ್ದರೆ ಜೇವರ್ಗಿ ಮೇಲೆ ಬರುವ ಬಸ್ಸು ಹತ್ತಿ. ಕಲಬುರಗಿಯ ದಂತ ಕಾಲೇಜುಗಳಲ್ಲಿ ಹಲ್ಲು ಕಟ್ಟುವುದಕ್ಕೇ ಪ್ರಾಸ್ಥೊಡಾಂಟಿಕ್ಸ್ ಎಂಬ ಬೇರೆ ವಿಭಾಗ ಇದೆ. ಬಸ್ಸಿಗೆ ಬರುವಾಗ ಸೆಟ್ಟನ್ನು ಕಿಸೆಯಲ್ಲಿ ತರಬೇಡಿ, ಬಾಯಲ್ಲೇ ಹಾಕಿಕೊಂಡು ಬನ್ನಿ. ನೋಯುವ ಜಾಗ ಕೆಂಪಾಗಿದ್ದರೆ ಡಾಕ್ಟರಿಗೆ ಅದೇ ಗುರುತು.

ತಂತಿ ಸಡಿಲಾಗಿದ್ದರೆ ಬಿಗಿ ಮಾಡುವುದು ಎರಡು ನಿಮಿಷದ ಕೆಲಸ. ಆದರೆ ಮನೆಯ ಇಕ್ಕಳ ಮುಟ್ಟಬೇಡಿ. ಇದನ್ನು ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ ನನ್ನ ಬಾಯಲ್ಲೂ ಒಂದು ಅರ್ಧ ಸೆಟ್ ಇದೆ, ಮೇಲೆ ಎಡಕ್ಕೆ ಎರಡು ಹಲ್ಲು. ಹಲ್ಲಿನ ಡಾಕ್ಟರ್ ಅನ್ನೋ ಗರ್ವದಲ್ಲಿ ಕನ್ನಡಿ ನೋಡುತ್ತಾ ನಾನೇ ತಂತಿ ಬಗ್ಗಿಸಲು ಹೋದೆ. ಮೂರನೇ ಸಲಕ್ಕೆ ಟಕ್ ಅಂತ ಮುರಿಯಿತು. ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ.

ಅಲ್ಲಿಯವರೆಗೆ ಪೇಸ್ಟ್ ಬಿಟ್ಟೇ ಬಿಡಬೇಕಾ ಎಂದು ಕೇಳುತ್ತೀರಿ. ಬೇಡ. ಮದುವೆ, ಭಾಷಣ ಅಂತಿದ್ದರೆ ಹಚ್ಚಿ, ಆದರೆ ಹಚ್ಚುವ ಕ್ರಮ ಬೇರೆ. ಸೆಟ್ ತೊಳೆದು, ಒಳಮೈ ಒರೆಸಿ ಒಣಗಿಸಿ. ಒಂದೊಂದು ಬದಿಗೆ ತೊಗರಿ ಕಾಳಿಗಿಂತ ಚಿಕ್ಕದಾದ ಎರಡು ಚುಕ್ಕಿ, ಅಂಚಿನಿಂದ ಒಳಗೆ. ತಂತಿಗೆ ಹಚ್ಚಬೇಡಿ. ಬಾಯಿ ಮುಕ್ಕಳಿಸಿ ಸೆಟ್ ಕೂರಿಸಿ, ಕಚ್ಚಿ ಹಿಡಿಯಿರಿ. ಪಕ್ಕದಿಂದ ಪೇಸ್ಟ್ ಹೊರಗೆ ಬಂತೋ, ಜಾಸ್ತಿ ಆಯ್ತು ಅಂತ. ದಿನಕ್ಕೆ ಒಂದೇ ಸಲ. ಪೂರ್ತಿ ಸೆಟ್ ಹಾಕುವವರಿಗೇ ದೊಡ್ಡ ಟ್ಯೂಬ್ ಏಳೆಂಟು ವಾರ ಬರಬೇಕು. ನಿಮಗೆ ಹತ್ತು ದಿನಕ್ಕೆ ಖಾಲಿ!

ಟ್ಯೂಬಿನ ಮೇಲೆ ಜಿಂಕ್ ಇದೆಯಾ ಓದಿ ನೋಡಿ. ಇಲ್ಲದ್ದನ್ನೇ ಕೊಳ್ಳಿ. 2008ರಲ್ಲಿ ಅಮೆರಿಕದ ವೈದ್ಯರು ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರೆಲ್ಲ ವಾರಕ್ಕೆ ಕನಿಷ್ಠ 2 ಟ್ಯೂಬ್ ಬಳಸುತ್ತಿದ್ದರು. ಹೊಟ್ಟೆಗೆ ಹೋದ ಜಿಂಕ್ ಮೈಯ ತಾಮ್ರವನ್ನು ಇಳಿಸಿತ್ತು, ನರಕ್ಕೆ ಪೆಟ್ಟು ಬಿದ್ದಿತ್ತು. ನೀವು ಅಷ್ಟು ಬಳಸುತ್ತಿಲ್ಲ, ಗಾಬರಿ ಬೇಡ. ಆದರೆ ಕಾಲು ಜೋಮು ಹಿಡಿದರೆ ನಮ್ಮ ಕಡೆ ಎಲ್ಲರೂ ‘ಸಕ್ಕರೆ ಕಾಯಿಲೆ’ ಎಂದು ಸುಮ್ಮನಾಗುತ್ತಾರೆ. ಪೇಸ್ಟ್ ಜಾಸ್ತಿ ಹಚ್ಚುವವರು ಅದನ್ನೂ ಡಾಕ್ಟರಿಗೆ ಹೇಳಬೇಕು.

ರೊಟ್ಟಿಯ ವಿಷಯ. ಕಡಕ್ ರೊಟ್ಟಿ ಬಿಡಿ ಎಂದು ನಾನು ಹೇಳಿದರೆ ನೀವು ಕೇಳುತ್ತೀರಾ? ನಾನೇ ಬಿಟ್ಟಿಲ್ಲ. ಮುರಿದು ಬೇಳೆಯಲ್ಲಿ ನೆನೆಸಿ, ಚಿಕ್ಕ ತುತ್ತು ಮಾಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಇಟ್ಟು ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಎದ್ದೇ ಏಳುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾತ್ರ ಬೇರೆ ಲೆಕ್ಕ. ಒಂದು ಎಳ್ಳು ಸೆಟ್ಟಿನ ಅಡಿ ಹೊಕ್ಕರೆ ಚಪ್ಪಲಿಯೊಳಗಿನ ಹರಳಿನ ಹಾಗೆ. ಹಬ್ಬದ ಪಂಕ್ತಿಯಿಂದ ಎದ್ದು ಹೋಗಿ ತೊಳೆದುಕೊಂಡು ಬರುವುದೇ, ನಾನೂ ಹಾಗೇ ಮಾಡುತ್ತೇನೆ.

ಪ್ರಶ್ನೆ: ಅವ್ವನಿಗೆ 70, ಸಕ್ಕರೆ ಕಾಯಿಲೆ ಇದೆ. ರಾತ್ರಿಯೂ ಹಲ್ಲಿನ ಸೆಟ್ ತೆಗೆಯುವುದಿಲ್ಲ, ‘ಅಂಟು ಬಿಡಿಸೋದು ತ್ರಾಸು’ ಅಂತಾರೆ. ಬಾಯಿಯ ಅಂಗುಳ ಕೆಂಪಾಗಿದೆ. (ಭಾಲ್ಕಿಯಿಂದ ಒಬ್ಬ ಮಗಳು)

ಉತ್ತರ: ಆ ಕೆಂಪು ಬಹುಶಃ ಶಿಲೀಂಧ್ರದ ಸೋಂಕು. ಸಕ್ಕರೆ ಇದ್ದವರಿಗೆ, ಬಾಯಿ ಒಣಗುವವರಿಗೆ ಬೇಗ ಹಿಡಿಯುತ್ತದೆ. ಔಷಧಿ ಬೇಕು, ತೋರಿಸಿ. ರಾತ್ರಿ ಸೆಟ್ ತೆಗೆಯಲೇಬೇಕು. ಉಗುರುಬೆಚ್ಚಗಿನ ನೀರು ಮುಕ್ಕಳಿಸಿದರೆ ಅಂಟು ಸಡಿಲಾಗುತ್ತದೆ, ವಸಡಿಗೆ ಉಳಿದದ್ದನ್ನು ಒದ್ದೆ ಮಲ್ ಬಟ್ಟೆಯಿಂದ ಒರೆಸಿ. ಸೆಟ್ಟನ್ನು ಮೆತ್ತನೆ ಬ್ರಷ್ಷು, ಕೈ ತೊಳೆಯುವ ಸೋಪಿನಿಂದ ಉಜ್ಜಿ, ತಣ್ಣೀರಲ್ಲಿ ಇಡಿ. ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ಉಜ್ಜಿ, ಕೈ ಜಾರಿದರೂ ಒಡೆಯುವುದಿಲ್ಲ. ಬಾಯಲ್ಲಿ ಹುಣ್ಣು ಎರಡು ವಾರ ಮಾಯದಿದ್ದರೆ, ಅದರಲ್ಲೂ ಅವ್ವನಿಗೆ ತಂಬಾಕಿನ ಅಭ್ಯಾಸ ಇದ್ದರೆ, ಒಂದು ದಿನವೂ ತಡ ಮಾಡಬೇಡಿ.

ಪ್ರಶ್ನೆ: ಸೆಟ್ ಎರಡು ತುಂಡಾಗಿದೆ. ಅಂಗಡಿಯ ಐದು ರೂಪಾಯಿ ಗಮ್ ಹಚ್ಚಬಹುದಾ? (ಕಲಬುರಗಿ)

ಉತ್ತರ: ಬೇಡ. ಒಂದು ಕೂದಲೆಳೆ ಓರೆಯಾಗಿ ಅಂಟಿದರೂ ಆಮೇಲೆ ಲ್ಯಾಬಿನವರಿಗೂ ಕೂಡಿಸಲು ಬರುವುದಿಲ್ಲ. ಎರಡೂ ತುಂಡು, ಜೊತೆಗೆ ಉದುರಿದ ಚೂರು, ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿಕೊಂಡು ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ.