ಕಿರುಗತೆ ಸ್ಪರ್ಧೆಗೆ ಮೊದಲ ಸಲ ಕಳಿಸುತ್ತಿದ್ದೇನೆ, 500 ಪದಗಳ ಮಿತಿ ಇದೆ. ಏನೇನು ಗಮನಿಸಬೇಕು?

ಮೊದಲು ನಿಯಮಗಳನ್ನು ಪೂರ್ತಿ ಓದಿ. ಪದಮಿತಿಗೆ ಶೀರ್ಷಿಕೆಯೂ ಸೇರುತ್ತದೆಯೇ ನೋಡಿಕೊಳ್ಳಿ. ಫೇಸ್‌ಬುಕ್‌ನಲ್ಲಿ ಹಾಕಿಕೊಂಡ ಕತೆಯನ್ನೂ ಎಷ್ಟೋ ಸ್ಪರ್ಧೆಗಳು ‘ಪ್ರಕಟಿತ’ ಎಂದೇ ಎಣಿಸಿ ಕೈಬಿಡುತ್ತವೆ. ಹೆಸರು ಮುಚ್ಚಿಟ್ಟು ಓದುವ ಕಡೆ ಕತೆಯ ಫೈಲಿನಲ್ಲಿ ನಿಮ್ಮ ಹೆಸರಿದ್ದರೆ ಓದದೆಯೇ ಪಕ್ಕಕ್ಕಿಡಬಹುದು.

ಇನ್ನು ಕತೆ. ಇಷ್ಟು ಚಿಕ್ಕದರಲ್ಲಿ ಇಡೀ ಬದುಕು ಹೇಳಲು ಹೋಗಬೇಡಿ, ಒಂದು ಗಳಿಗೆ ಸಾಕು. ‘ಗಂಡ ತೀರಿಕೊಂಡ ಮೇಲೆ ಅವಳು ಒಂಟಿಯಾದಳು’ ಅನ್ನುವ ಬದಲು ‘ಎರಡು ತಟ್ಟೆ ಹಾಕಿದವಳು ಒಂದನ್ನು ತಿರುಗಿ ಎತ್ತಿಟ್ಟಳು’ ಅಂದು ನೋಡಿ. ಸಾವು, ರೂಢಿ, ಒಂಟಿತನ ಮೂರೂ ಬಂದುಬಿಡುತ್ತವೆ. ಕರಡಿನ ಮೊದಲ ಪ್ಯಾರಾ ತೆಗೆದು ಓದಿ. ಬಹಳ ಸಲ ಕತೆ ಶುರುವಾಗುವುದೇ ಎರಡನೆಯದರಲ್ಲಿ. ಕಳಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ, ನಾಲಿಗೆ ತೊಡರಿದಲ್ಲೆಲ್ಲ ಕತ್ತರಿಸಿ.