ಗಾಲಿ ಕಮೋಡ್ ಚೇರ್ ಕೊಳ್ಳುವ ಮೊದಲು ಮನೆಯಲ್ಲಿ ಟೇಪು ಹಿಡಿಯಿರಿ

ಮಂಡ್ಯದ ಮನೆಯಲ್ಲಿ ನಿಮ್ಮ ಮಾವನವರಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತೂ ಸರಿಯಾಗಿ ಬರುತ್ತಿಲ್ಲ, ಸ್ನಾನ ಶೌಚ ಎಲ್ಲ ನೀವೂ ನಿಮ್ಮ ಯಜಮಾನರೂ ಇಬ್ಬರೇ ಮಾಡಿಸಬೇಕು, ಗಾಲಿ ಇರುವ ಕಮೋಡ್ ಚೇರ್‌ಗಳಲ್ಲಿ ಯಾವುದು ತರಲಿ ಅಂತ ಕೇಳಿದ್ದೀರಿ. ಮೈಸೂರಿನಲ್ಲಿ ನನ್ನ ಅಮ್ಮನನ್ನು ಇಂಥದ್ದೇ ಸ್ಥಿತಿಯಲ್ಲಿ ವರ್ಷಗಟ್ಟಲೆ ನೋಡಿಕೊಂಡವಳು ನಾನು. ಅವರಿಗೆ ಹೋಗಿದ್ದು ಎಡಗಡೆ. ಆ ಅನುಭವದ ಮೇಲೆ ಹೇಳುತ್ತೇನೆ.

ಸೀಟಿನಲ್ಲಿ ರಂಧ್ರ, ಅದರ ಕೆಳಗೆ ಬಕೆಟ್ ಇರುವ ಈ ಚೇರ್ ತರುವುದೇ ಎತ್ತಿ ಕೂರಿಸುವ ಕೆಲಸ ಕಡಿಮೆ ಮಾಡಲಿಕ್ಕೆ. ಮಂಚದಿಂದ ವೀಲ್ ಚೇರಿಗೆ, ಅಲ್ಲಿಂದ ಕಮೋಡಿಗೆ, ಕಮೋಡಿನಿಂದ ಸ್ನಾನದ ಸ್ಟೂಲಿಗೆ, ಮತ್ತೆ ವೀಲ್ ಚೇರಿಗೆ, ಮತ್ತೆ ಮಂಚಕ್ಕೆ. ಒಂದು ಬೆಳಗ್ಗೆಗೆ ಐದು ಸಲ ಎತ್ತಬೇಕು. ಮನೆಗೆ ಸರಿಹೊಂದುವ ಚೇರ್ ಇದ್ದರೆ ಎರಡೇ ಸಲ. ಮಂಚದಿಂದ ಇಳಿಸುವಾಗ ಒಂದು, ವಾಪಸ್ ಮಲಗಿಸುವಾಗ ಒಂದು. ನಡುವಿನದ್ದೆಲ್ಲ ಕೂತಲ್ಲೇ ಆಗುತ್ತದೆ. ಪ್ರತಿ ಸಲ ಎತ್ತುವಾಗಲೂ ಬೀಳುವ ಭಯ ಅವರಿಗೆ, ಸೊಂಟ ಹಿಡಿಯುವ ಭಯ ನಮಗೆ. ಅಂಗಡಿಯಲ್ಲಿ ಏನೇ ತೋರಿಸಲಿ, ಇದರಿಂದ ಎತ್ತುವುದು ತಪ್ಪುತ್ತದೆಯೇ ಅಂತ ನೋಡಿ. ತಪ್ಪದಿದ್ದರೆ ಅದು ಎಷ್ಟೇ ಚೆನ್ನಾಗಿದ್ದರೂ ನಿಮಗೆ ಬೇಡ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಅಳತೆ ತೆಗೆಯಿರಿ. ಬಾತ್‌ರೂಮ್ ಬಾಗಿಲಿನಿಂದ ಶುರು ಮಾಡಿ. ಎರಡೂವರೆ ಅಡಿ ಬಾಗಿಲು ಅಂತ ಗಾರೆಯವರು ಹೇಳಿದ್ದರೆ ಅದು ಚೌಕಟ್ಟು ಸೇರಿಸಿ. ಚೌಕಟ್ಟಿನ ಒಳಗಿನಿಂದ ಒಳಕ್ಕೆ ಅಳೆದರೆ 25-26 ಇಂಚು ಸಿಗಬಹುದು. ತೆರೆದ ಬಾಗಿಲಿನ ದಪ್ಪ ಇನ್ನೊಂದು ಇಂಚು ತಿನ್ನುತ್ತದೆ. ಹಳೆ ಮನೆಗಳ ಬಚ್ಚಲಿಗೆ ಎರಡೇ ಅಡಿ ಬಾಗಿಲು ಇರುವುದುಂಟು, ಅಲ್ಲಿ ಸಿಗುವುದು 20 ಇಂಚಿನ ಆಸುಪಾಸು. ಸಾಮಾನ್ಯ ಕಮೋಡ್ ಚೇರಿನ ಹೊರ ಅಗಲವೇ 20ರಿಂದ 22 ಇಂಚು. ಚೇರ್ ತೂರಿದರೆ ಸಾಲದು, ತಳ್ಳುವಾಗ ಅವರ ಮೊಣಕೈ ಚೌಕಟ್ಟಿಗೆ ತರಚಬಾರದು. ಎರಡೂ ಕಡೆ ಒಂದೊಂದು ಇಂಚಾದರೂ ಮಿಗಬೇಕು. ಸ್ವಾಧೀನವಿಲ್ಲದ ಕೈ ಎಲ್ಲಿ ಜೋತುಬಿದ್ದಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟು, ನೋಡಿಕೊಂಡು ತಳ್ಳಿ. ಜಾಗ ತೀರಾ ಸಾಲದಿದ್ದರೆ ಬಾಗಿಲನ್ನೇ ತಿರುಪಿನಿಂದ ಬಿಚ್ಚಿ ದಪ್ಪ ಪರದೆ ಹಾಕಿಬಿಡಿ. ಬಾಗಿಲು ತಿನ್ನುತ್ತಿದ್ದ ಆ ಒಂದು ಇಂಚು ಅಲ್ಲೇ ಸಿಗುತ್ತದೆ.

ಆಮೇಲೆ ಹೊಸ್ತಿಲು. ನಮ್ಮ ಕಡೆ ಬಚ್ಚಲು ಮನೆಯ ನೆಲ ಒಂದೆರಡು ಇಂಚು ತಗ್ಗಿರುತ್ತದೆ, ಬಾಗಿಲಲ್ಲಿ ಕಲ್ಲಿನ ಪಟ್ಟಿಯೂ ಇರುತ್ತದೆ. ನಾಲ್ಕೈದು ಇಂಚಿನ ಗಾಲಿ ಅದನ್ನು ತಾನಾಗಿ ಹತ್ತುವುದಿಲ್ಲ. ಗಾರೆಯವರನ್ನು ಕರೆಸಿ ಸಿಮೆಂಟಿನ ಇಳಿಜಾರು ಹಾಕಿಸಿ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಇದ್ದರೆ ಒಬ್ಬರೇ ತಳ್ಳಬಹುದು. ಅಷ್ಟು ಜಾಗ ಇಲ್ಲದಿದ್ದರೆ ರಬ್ಬರಿನ ಇಳಿಜಾರು ಪಟ್ಟಿ ಸಿಗುತ್ತದೆ. ಇಳಿಸುವಾಗ ಚೇರನ್ನು ಹಿಮ್ಮುಖವಾಗಿ ತಿರುಗಿಸಿ ನೀವು ಮೊದಲು ಇಳಿಯಿರಿ. ಮುಂದಕ್ಕೆ ಮುಖ ಮಾಡಿ ಇಳಿಸಿದರೆ ಅವರು ಮುಗ್ಗರಿಸುತ್ತಾರೆ. ಬಚ್ಚಲಿನ ನೀರು ಹೋಗುವ ಜಾಲರಿಯನ್ನೂ ನೋಡಿಕೊಳ್ಳಿ. ಅದರ ಸಂದು ಅಗಲ ಇದ್ದರೆ, ಅಥವಾ ಅದು ನೆಲಕ್ಕಿಂತ ತಗ್ಗಿದ್ದರೆ, ಮುಂದಿನ ಗಾಲಿ ಅಲ್ಲೇ ಸಿಕ್ಕಿಹಾಕಿಕೊಂಡು ಚೇರ್ ವಾಲುತ್ತದೆ.

ಈಗ ಕಮೋಡಿನ ವಿಷಯ. ಚೇರನ್ನು ಹಿಂದಕ್ಕೆ ತಳ್ಳಿ ಕಮೋಡಿನ ಮೇಲೆ ನಿಲ್ಲಿಸಬೇಕು ಅನ್ನುವುದೇ ನಮ್ಮ ಉದ್ದೇಶ. ನೆಲದ ಮೇಲೆ ಕೂರಿಸಿದ ಕಮೋಡ್ ಸಾಮಾನ್ಯವಾಗಿ 15-16 ಇಂಚು ಎತ್ತರ, ಅದರ ಸೀಟು ಸೇರಿದರೆ ಇನ್ನೊಂದು ಇಂಚು. ಚೇರಿನ ಸೀಟು 18 ಇಂಚು ಅಂತ ಬರೆದಿರುತ್ತಾರೆ. ಆದರೆ ಸೀಟಿನ ಕೆಳಗೆ ಬಕೆಟ್ ಕೂರುವ ಕಂಬಿಗಳಿರುತ್ತವೆ, ಅವು ಎರಡು ಇಂಚು ಕೆಳಗೆ ಇಳಿದಿರುತ್ತವೆ. ಹಾಗಾಗಿ ಸೀಟಿನ ಎತ್ತರ ಕೇಳಬೇಡಿ, ನೆಲದಿಂದ ಆ ಕಂಬಿಗೆ ಎಷ್ಟು ಅಂತ ನೀವೇ ಅಳೆಯಿರಿ. ಕೂದಲೆಳೆಯಷ್ಟು ಸಾಲದಿದ್ದರೆ ಕಮೋಡಿನ ಸೀಟು, ಮುಚ್ಚಳ ಎರಡನ್ನೂ ಬಿಚ್ಚಿಡಬಹುದು.

ಇಷ್ಟಾದರೂ ಮುಗಿಯಲಿಲ್ಲ. ಹಿಂದಿನ ಎರಡು ಗಾಲಿಗಳ ಮಧ್ಯೆ ಕಮೋಡ್ ತೂರುವಷ್ಟು ಜಾಗ ಬೇಕು, ನಡುವೆ ಅಡ್ಡಕಂಬಿ ಇರಬಾರದು. ಚೇರಿನ ಬೆನ್ನು ಫ್ಲಶ್ ಟ್ಯಾಂಕಿಗೆ ಮೊದಲೇ ತಗುಲಿಬಿಟ್ಟರೆ ಸೀಟಿನ ರಂಧ್ರ ಕಮೋಡಿನ ಮೇಲೆ ಬರುವುದೇ ಇಲ್ಲ. ಪಕ್ಕದ ಗೋಡೆಯ ನಲ್ಲಿ, ಹೆಲ್ತ್ ಫಾಸೆಟ್ ಇವೂ ಅಡ್ಡ ಬರುತ್ತವೆ. ಅದಕ್ಕೇ ಕಮೋಡನ್ನು ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದುಕೊಂಡು, ಅದರ ಅಗಲ, ಟ್ಯಾಂಕಿನಿಂದ ಮುಂದಿನ ತುದಿಯವರೆಗಿನ ಉದ್ದ ಎರಡನ್ನೂ ಬರೆದುಕೊಂಡು ಹೋಗಿ. ನಿಮ್ಮದು ಇಂಡಿಯನ್ ಟಾಯ್ಲೆಟ್ ಆಗಿದ್ದು, ಕಟ್ಟೆಯ ಮೇಲೆ ಕೂರಿಸಿದ್ದರೆ ಚೇರ್ ಅಲ್ಲಿಗೆ ಹೋಗುವುದಿಲ್ಲ. ಆಗ ಚೇರಿನ ಬಕೆಟನ್ನೇ ಬಳಸಬೇಕು. ಬಕೆಟ್ ಹಿಂದಿನಿಂದ ಎಳೆದು ತೆಗೆಯುವಂಥದ್ದು ಇರಲಿ. ಸೀಟು ಎತ್ತಿ ಮೇಲಿನಿಂದ ತೆಗೆಯುವಂಥದ್ದಾದರೆ ಅವರನ್ನು ಎಬ್ಬಿಸದೆ ಬಕೆಟ್ ಆಚೆ ಬರುವುದಿಲ್ಲ. ಬಕೆಟಿಗೆ ಮುಚ್ಚಳ ಇರಬೇಕು, ತಳದಲ್ಲಿ ಸ್ವಲ್ಪ ನೀರು ಹಾಕಿಟ್ಟರೆ ತೊಳೆಯುವುದು ಸುಲಭ.

ದೊಡ್ಡ ಚಕ್ರದ ಚೇರ್ ತೋರಿಸಿ, ಇದನ್ನು ಅವರೇ ತಳ್ಳಿಕೊಳ್ಳಬಹುದು ಅನ್ನುತ್ತಾರೆ. ಎರಡು ಕೈಯಲ್ಲೂ ಬಲ ಇರುವವರಿಗೆ, ಸೊಂಟದ ಕೆಳಗೆ ಮಾತ್ರ ಸ್ವಾಧೀನ ಇಲ್ಲದವರಿಗೆ ಅದು ನಿಜಕ್ಕೂ ವರ. ನಿಮ್ಮ ಮಾವನವರು ಒಂದೇ ಕೈಯಲ್ಲಿ ತಿರುಗಿಸಿದರೆ ಚೇರ್ ಇದ್ದಲ್ಲೇ ಸುತ್ತುತ್ತದೆ. ಅಗಲವೂ ಜಾಸ್ತಿ, ಮಂಚದ ಪಕ್ಕಕ್ಕೆ ಒತ್ತಿ ನಿಲ್ಲಿಸಲಿಕ್ಕೂ ಚಕ್ರ ಅಡ್ಡ. ನಿಮಗೆ ನಾಲ್ಕೂ ಕಡೆ ಚಿಕ್ಕ ಗಾಲಿ ಇರುವುದೇ ಸರಿ. ಮೂರು ಇಂಚಿನ ಪ್ಲಾಸ್ಟಿಕ್ ಗಾಲಿ ಬೇಡ, ಐದು ಇಂಚಿನ ರಬ್ಬರಿನದು ತೆಗೆದುಕೊಳ್ಳಿ. ಲಾಕ್ ನಾಲ್ಕಕ್ಕೂ ಇದ್ದರೆ ಒಳ್ಳೆಯದು, ಹಿಂದಿನ ಎರಡಕ್ಕಂತೂ ಇರಲೇಬೇಕು. ಅಂಗಡಿಯಲ್ಲೇ ಲಾಕ್ ಹಾಕಿ ಪಕ್ಕದಿಂದ ಗಟ್ಟಿಯಾಗಿ ನೂಕಿ ನೋಡಿ. ಜಾರಿದರೆ ಆ ಚೇರ್ ಬಿಡಿ. ಒದ್ದೆ ನೆಲದಲ್ಲಿ ಇನ್ನೂ ಜಾರುತ್ತದೆ.

ನನ್ನ ಪ್ರಕಾರ ದುಡ್ಡು ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಬೇಕಾದದ್ದು ಕೈ ಆನಿಸುವ ಹಿಡಿ ಮೇಲಕ್ಕೆ ಮಡಚುವ ಚೇರ್. ಹಿಡಿ ಗಟ್ಟಿಯಾಗಿ ಬೆಸೆದಿದ್ದರೆ ಮನುಷ್ಯನನ್ನು ಅದರ ಮೇಲಿಂದ ಎತ್ತಿ ಹಾಕಬೇಕು. ಮಡಚುವಂತಿದ್ದರೆ ಮಂಚಕ್ಕೆ ಒತ್ತಿ ನಿಲ್ಲಿಸಿ, ಹಾಗೇ ಪಕ್ಕಕ್ಕೆ ಸರಿಸಿ ಕೂರಿಸಬಹುದು. ಅದಕ್ಕೆ ಮಂಚ, ಹಾಸಿಗೆ ಸೇರಿದ ಎತ್ತರ ಚೇರಿನ ಸೀಟಿಗೆ ಹೆಚ್ಚುಕಮ್ಮಿ ಸಮ ಇರಬೇಕು. ಮಂಚ ತಗ್ಗಿದ್ದರೆ ಕಾಲಿನ ಕೆಳಗೆ ಗುಳಿ ತೋಡಿದ ಮರದ ದಿಮ್ಮಿ ಇಡಿಸಿ. ಬಡಗಿಗಳು ಮಾಡಿಕೊಡುತ್ತಾರೆ. ಚೇರನ್ನು ಯಾವಾಗಲೂ ಅವರಿಗೆ ಸ್ವಾಧೀನ ಇರುವ ಕಡೆ ನಿಲ್ಲಿಸಿ, ಅಂದರೆ ನಿಮ್ಮ ಮಾವನವರಿಗೆ ಎಡಗಡೆ. ಮಂಚಕ್ಕೆ ವಾಪಸ್ ಬರುವಾಗಲೂ ಎಡಗಡೆಯೇ ಮುಂದಾಗುವಂತೆ ಚೇರ್ ತಿರುಗಿಸಿಕೊಳ್ಳಿ. ಸ್ವಾಧೀನ ಇಲ್ಲದ ಕೈಯನ್ನು, ಕಂಕುಳನ್ನು ಹಿಡಿದು ಎಳೆಯಲೇಬೇಡಿ. ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ ಅದನ್ನು ಹಿಡಿದುಕೊಳ್ಳಿ. ಫಿಸಿಯೋಥೆರಪಿಯವರು ಮನೆಗೆ ಬಂದಾಗ ಇದೊಂದನ್ನು ನಿಮ್ಮಿಬ್ಬರ ಕೈಯಲ್ಲೂ ಮಾಡಿಸಿ ತೋರಿಸಲು ಹೇಳಿ.

ಕಾಲಿಡುವ ಹಲಗೆ ಬೇಕು. ಇಲ್ಲದಿದ್ದರೆ ಸೋತ ಕಾಲು ನೆಲಕ್ಕೆ ಎಳೆದುಕೊಂಡು ಹೋಗಿ ಹೊಸ್ತಿಲಲ್ಲಿ ಬೆರಳು ಮಡಚಿಕೊಳ್ಳುತ್ತದೆ. ಆದರೆ ಅದು ಪಕ್ಕಕ್ಕೋ ಮೇಲಕ್ಕೋ ತಿರುಗಬೇಕು. ಎದ್ದು ನಿಲ್ಲುವಾಗ ಅದರ ಮೇಲೆ ಕಾಲೂರಿದರೆ ಚೇರೇ ಮುಂದಕ್ಕೆ ಮಗುಚುತ್ತದೆ. ಸೊಂಟದ ಪಟ್ಟಿ ಇರುವುದು ನೋಡಿ. ಕೂತಾಗ ಒಂದು ಕಡೆ ವಾಲುವವರಿಗೆ ಅದು ಬೇಕೇ ಬೇಕು. ಪಟ್ಟಿ ಹಾಕಿದ್ದೇವೆ ಅಂತ ಬಿಟ್ಟು ಆಚೆ ಹೋಗಬೇಡಿ. ಬಾಗಿಲ ಬೆಲ್ ಆಗಲಿ, ಫೋನ್ ಬರಲಿ, ಒಬ್ಬರು ಅಲ್ಲೇ ಇರಬೇಕು. ಕುತ್ತಿಗೆ ನಿಲ್ಲದವರಿಗೆ ಮಾತ್ರ ಹಿಂದಕ್ಕೆ ಒರಗುವ ದುಬಾರಿ ಚೇರ್ ಬೇಕಾಗುತ್ತದೆ.

ಸೀಟಿನ ಬಗ್ಗೆ ಎರಡು ಮಾತು. ಹೊಲಿಗೆ ಹಾಕಿದ ಮೆತ್ತೆಯ ಸೀಟು ನೋಡಲು ಸುಖ. ಹೊಲಿಗೆಯ ತೂತಿನಿಂದ ನೀರು ಒಳಗೆ ಇಳಿದು ಸ್ಪಂಜು ಕೊಳೆಯುತ್ತದೆ, ವಾಸನೆ ಹೋಗುವುದೇ ಇಲ್ಲ. ಒಂದೇ ಅಚ್ಚಿನಲ್ಲಿ ತೆಗೆದ, ಹೊಲಿಗೆ ಇಲ್ಲದ ಮೆತ್ತನೆಯ ಸೀಟು ಕೇಳಿ. ಒಂದು ಕಡೆ ಬಾಯಿ ತೆರೆದ ಸೀಟಾದರೆ ಕೈ ಹಾಕಿ ತೊಳೆಯುವುದು ಸಲೀಸು. ತೀರಾ ಸಣಕಲು ಇರುವವರು ಮಾತ್ರ ಅದರಲ್ಲಿ ಕುಸಿಯುತ್ತಾರೆ, ಅವರಿಗೆ ಚಿಕ್ಕ ರಂಧ್ರದ್ದು ವಾಸಿ. ಗಂಡಸರಿಗೆ ಕೂತಾಗ ಮೂತ್ರ ಮುಂದಕ್ಕೆ ಹಾರುತ್ತದೆ. ಮಂಚದ ಮೇಲೇ ಯೂರಿನ್ ಪಾಟ್ ಕೊಟ್ಟು ಆಮೇಲೆ ಕೂರಿಸಿದರೆ ಅವರಿಗೂ ಮುಜುಗರ ಇಲ್ಲ, ನಿಮಗೂ ನೆಲ ಒರೆಸುವ ಕೆಲಸ ಇಲ್ಲ. ಯಾವ ಸೀಟಾದರೂ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ರಂಧ್ರದ ಅಂಚು ಒತ್ತಿದ ಕಡೆ ಚರ್ಮ ಕೆಂಪಾಗುತ್ತದೆ, ಬೆಡ್ ಸೋರ್ ಶುರುವಾಗುವುದೇ ಹಾಗೆ. ಮಲಗಿಸಿದ ಮೇಲೆ ದಿನಾ ಒಮ್ಮೆ ಆ ಜಾಗ ನೋಡಿ. ಕೆಂಪು ಹೋಗದೆ ಉಳಿದಿದ್ದರೆ ಡಾಕ್ಟರಿಗೆ ತೋರಿಸಿ.

ಲೋಹದ ವಿಷಯಕ್ಕೆ ಬಂದರೆ, ಬೋರ್‌ವೆಲ್ ನೀರಿನ ಮನೆಯಾದರೆ ಕಬ್ಬಿಣಕ್ಕೆ ಪಾಲಿಶ್ ಹೊಡೆದದ್ದು ಬೇಡವೇ ಬೇಡ. ತುಕ್ಕು ಮೊದಲು ಬೆಸುಗೆಯಲ್ಲಿ, ತಿರುಪಿನಲ್ಲಿ ಕಾಣಿಸಿಕೊಳ್ಳುತ್ತದೆ, ಪೈಪಿನ ಒಳಗಿನದು ಕಾಣುವುದೇ ಇಲ್ಲ. ಸ್ಟೀಲ್‌ನಲ್ಲಿ 304 ಅಂತ, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ದರ್ಜೆಯದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ ಅಂತಲೇ ತಿಳಿಯಿರಿ. ಅಂಟದಿದ್ದ ಮಾತ್ರಕ್ಕೆ 304 ಅಂತ ಆಗುವುದಿಲ್ಲ, ಕೆಲವು ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ. ಅಲ್ಯೂಮಿನಿಯಂ ಹಗುರ, ತುಕ್ಕೂ ಇಲ್ಲ. ಎಷ್ಟು ಕೆಜಿ ತಡೆಯುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ದಿನಾ ಸ್ನಾನ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಗಾಲಿಗೆ ಸುತ್ತಿದ ಕೂದಲು ತೆಗೆಯಿರಿ.

ಸ್ನಾನ ಮಾಡಿಸುವಾಗ ನೀರಿನ ಬಿಸಿ ಬಗ್ಗೆ ತುಂಬಾ ಎಚ್ಚರ. ಸೋಲಾರ್ ಇದ್ದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬಂದು, ಆಮೇಲೆ ಒಮ್ಮೆಲೇ ಸುಡುವ ನೀರು ಬರುತ್ತದೆ. ನೇರ ಶವರ್ ಹಿಡಿಯಬೇಡಿ. ಬಕೆಟಿನಲ್ಲಿ ಹದ ಮಾಡಿ, ನಿಮ್ಮ ಮುಂಗೈ ಅದ್ದಿ ನೋಡಿ, ಚೊಂಬಿನಲ್ಲಿ ಹಾಕಿ. ಸೋತ ಭಾಗಕ್ಕೆ ಸುಟ್ಟರೂ ಗೊತ್ತಾಗದೆ ಇರಬಹುದು. ಅಮ್ಮನನ್ನು ಕೂರಿಸುವ ಮೊದಲು ನಾನು ಸೀಟಿನ ಮೇಲೆ ಒಂದು ಚೊಂಬು ಬಿಸಿನೀರು ಸುರಿಯುತ್ತಿದ್ದೆ. ಡಿಸೆಂಬರಿನ ಬೆಳಗ್ಗೆ ಸ್ಟೀಲ್ ಮೈಗೆ ತಗುಲಿದರೆ ಅವರ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು, ಸೆಟೆದ ಕಾಲನ್ನು ಬಗ್ಗಿಸಿ ಹಲಗೆಯ ಮೇಲೆ ಇಡುವುದೇ ಕಷ್ಟ. ನೀರು ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಹೀಗೆ ಮೇಲಕ್ಕೆ. ತೊಡೆಯ ಮೇಲೆ ಒಂದು ಟವೆಲ್ ಕೊನೆವರೆಗೂ ಇರಲಿ, ಅದರ ಅಡಿಯಲ್ಲೇ ತೊಳೆಯಬಹುದು. ಸೊಸೆ ಎದುರು ಬೆತ್ತಲೆ ಕೂರುವುದು ನಿಮ್ಮ ಮಾವನವರಿಗೆ ರೋಗಕ್ಕಿಂತ ದೊಡ್ಡ ಸಂಕಟ ಇರಬಹುದು. ಆದಷ್ಟೂ ಆ ಕೆಲಸ ನಿಮ್ಮ ಯಜಮಾನರೇ ಮಾಡಲಿ. ಮಾತು ಬಾರದವರಿಗೆ ಒಂದು ಸನ್ನೆ ಗೊತ್ತುಮಾಡಿ. ಎಡಗೈಯಲ್ಲಿ ಹಿಡಿ ತಟ್ಟಿದರೆ ಸಾಕು, ನಿಲ್ಲಿಸಿ ಅಂತ. ಮಾತಿನ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರವೇ ಇದೆ, ಸ್ಟ್ರೋಕ್ ಆದವರಿಗೂ ಅಲ್ಲಿ ಚಿಕಿತ್ಸೆ ಇದೆ. ತಡ ಮಾಡದೆ ಕರೆದುಕೊಂಡು ಬನ್ನಿ.

ಕೊಳ್ಳುವುದಕ್ಕೆ ಆನ್‌ಲೈನ್‌ಗಿಂತ ಸರ್ಜಿಕಲ್ ಅಂಗಡಿಯೇ ವಾಸಿ. ಮಂಡ್ಯದಲ್ಲೇ ನೋಡಿ, ಸಿಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ ಕಡೆ ಬಂದು ವಿಚಾರಿಸಿ. ಬಾಗಿಲಲ್ಲಿ ತೂರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ. ಬಾಡಿಗೆಗೆ ಸಿಕ್ಕರೆ ಒಂದು ತಿಂಗಳು ಬಾಡಿಗೆಗೇ ತನ್ನಿ, ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಚೇತರಿಕೆ ಆಗುತ್ತಿರುತ್ತದೆ, ಬೇಕಾದ ಚೇರೂ ಬದಲಾಗಬಹುದು. ಹಣದ ತೊಂದರೆ ಇದ್ದರೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 2017ರಲ್ಲಿ ಶುರುವಾದದ್ದು. 60 ದಾಟಿದ, ಬಿಪಿಎಲ್ ಕಾರ್ಡ್ ಇರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ ಸಾಧನಗಳನ್ನು ಉಚಿತವಾಗಿ ಕೊಡುತ್ತಾರೆ. ಕಮೋಡ್ ಇರುವ ವೀಲ್ ಚೇರ್ ಕೂಡ ಆ ಪಟ್ಟಿಯಲ್ಲಿದೆ. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಇಲಾಖೆಯಲ್ಲಿ ಕೇಳಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಇವನ್ನು ಶಿಬಿರ ನಡೆಸಿ ಹಂಚುವುದರಿಂದ ತಡ ಆಗುತ್ತದೆ. ಅರ್ಜಿ ಹಾಕಿ, ಅಲ್ಲಿವರೆಗೆ ಬಾಡಿಗೆ ಚೇರಿನಲ್ಲಿ ನಡೆಸಿ.

ಚೇರ್ ಮನೆಗೆ ಬಂದ ದಿನ ಮಾವನವರನ್ನು ಕೂರಿಸುವ ಮೊದಲು ನಿಮ್ಮ ಯಜಮಾನರು ಕೂರಲಿ, ನೀವು ಮಂಚದಿಂದ ಬಚ್ಚಲವರೆಗೆ ತಳ್ಳಿ. ಆಮೇಲೆ ನೀವು ಕೂತು ಅವರು ತಳ್ಳಲಿ. ಎಲ್ಲಿ ಕುಲುಕುತ್ತದೆ, ಎಲ್ಲಿ ಮೊಣಕೈ ತಾಗುತ್ತದೆ ಅಂತ ಕೂತವರಿಗೇ ಗೊತ್ತಾಗುವುದು. ನಿಮ್ಮ ಪ್ರಶ್ನೆಯಲ್ಲಿ ಅಳತೆ ಯಾವುದೂ ಇಲ್ಲ. ಬಾಗಿಲಿನ ಒಳ ಅಗಲ, ಕಮೋಡಿನ ಎತ್ತರ, ಮಂಚದ ಎತ್ತರ, ಮಾವನವರ ತೂಕ ಇಷ್ಟನ್ನು ಕೆಳಗೆ ಬರೆದರೆ ಯಾವ ಅಳತೆಯ ಚೇರ್ ಕೇಳಬೇಕು ಅಂತ ಖಂಡಿತ ಹೇಳುತ್ತೇನೆ.