80 ಎಕರೆಯ ಊರು, ಅದರಲ್ಲೂ ಜಾಸ್ತಿ ದ್ರಾಕ್ಷಿ

ಪ್ರಶ್ನೆ: ನಾವು ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು. ಸ್ವಿಟ್ಜರ್ಲೆಂಡಿನಲ್ಲಿರುವ ಮಗಳು ರಿವಾ ಅನ್ನೋ ಊರಿನ ಫೋಟೊ ಕಳಿಸಿದ್ದಾಳೆ. ಗುಡ್ಡದ ತುಂಬಾ ದ್ರಾಕ್ಷಿ, ಮನೆ ಮಾತ್ರ ಒಂದು ಹಿಡಿ. ಜನ 350 ಅಂತೆ. ಇಷ್ಟು ಚೆಂದದ ಊರು ಖಾಲಿ ಆಗುತ್ತಿದೆಯಾ?
– ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಖಾಲಿ ಆಗುತ್ತಿಲ್ಲ ಸ್ವಾಮಿ. ಮನೆ ಕಟ್ಟಲು ಜಾಗವಿಲ್ಲ, ಇದ್ದರೂ ಕಟ್ಟಲು ಬಿಡುವುದಿಲ್ಲ.

ರಿವಾ ಇರುವುದು ಜಿನೀವಾ ಸರೋವರದ ಉತ್ತರ ದಡದಲ್ಲಿ, ಲೊಸಾನ್ ಮತ್ತು ವೆವೆ ಪಟ್ಟಣಗಳ ನಡುವೆ. ಫ್ರೆಂಚ್ ಮಾತಾಡುವ ಸೀಮೆ. ಹೆಸರಿನ ಕೊನೆಗೆ ಝೆಡ್ ಬರೆಯುತ್ತಾರೆ, ಹೇಳುವಾಗ ನುಂಗುತ್ತಾರೆ. ಊರಿನ ಒಟ್ಟು ವಿಸ್ತೀರ್ಣ ಒಂದು ಚದರ ಕಿಲೋಮೀಟರಿನ ಮೂರನೇ ಒಂದು ಪಾಲು, ಅಂದರೆ 80 ಎಕರೆ ಹತ್ತಿರ. ನಿಮ್ಮ ಕಡೆಯ ಮೂರ್ನಾಲ್ಕು ದೊಡ್ಡ ರೈತರ ಜಮೀನು ಸೇರಿಸಿದರೆ ಊರೇ ಮುಗಿಯಿತು. ಆದರೂ ಅದಕ್ಕೆ ತನ್ನದೇ ಪಂಚಾಯಿತಿ. 2011ರಲ್ಲಿ ಅದೇ ದಡದ ಐದು ಊರುಗಳು ಒಂದಾಗಿ ಒಂದೇ ಆಡಳಿತ ಮಾಡಿಕೊಂಡವು. ರಿವಾ ಮಾತ್ರ ಬೇರೆಯಾಗಿಯೇ ಉಳಿಯಿತು.

ನಾನು ಒಮ್ಮೆ ಹೋಗಿದ್ದೆ. ರೈಲು ಇಳಿದರೆ ನೀರಿನ ಪಕ್ಕದಲ್ಲೇ ನಿಂತಿರುತ್ತೀರಿ, ಊರು ತಲೆಯ ಮೇಲೆ. ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಗೊಣಗಿತು. ಎರಡೂ ಬದಿಗೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಎರಡು ಮೂರು ಸಾಲು ಬಳ್ಳಿ, ಅದರ ಮೇಲೆ ಮತ್ತೆ ಗೋಡೆ. ನಿಮ್ಮ ಹಾಗೆ ಚಪ್ಪರ ಇಲ್ಲ, ಬಳ್ಳಿ ಸೊಂಟದ ಮಟ್ಟಕ್ಕೇ. ಟ್ರಾಕ್ಟರಿನ ಮಾತು ಬಿಡಿ. ಗೊನೆ ಸಾಗಿಸಲು ಇಳಿಜಾರಿನಲ್ಲಿ ಒಂದೇ ಕಂಬಿಯ ಪುಟ್ಟ ಗಾಡಿ ಹಾಕಿದ್ದಾರೆ. ಅದು ಬರುವ ಮುಂಚೆ ಎಲ್ಲ ಬೆನ್ನ ಮೇಲೆಯೇ. ಮಳೆಗೆ ಕೆಳಗೆ ಜಾರಿದ ಮಣ್ಣನ್ನೂ ಬುಟ್ಟಿಯಲ್ಲಿ ಹೊತ್ತು ವಾಪಸ್ ಮೇಲೆ ಹಾಕುತ್ತಿದ್ದರು!

ಅಲ್ಲಿನವರು ತಮಗೆ ಮೂರು ಸೂರ್ಯ ಅನ್ನುತ್ತಾರೆ. ಒಂದು ಆಕಾಶದ್ದು, ಒಂದು ಸರೋವರದ ನೀರಿನಿಂದ ಪುಟಿಯುವುದು, ಮೂರನೆಯದು ಕಲ್ಲಿನದು. ಪ್ರವಾಸಿಗರಿಗೆ ಹೇಳುವ ಸುಳ್ಳು ಅಂದುಕೊಂಡಿದ್ದೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಮೇಲೆ ಗೋಡೆಗೆ ಅಂಗೈ ಇಟ್ಟು ನೋಡಿದೆ. ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಿಂಭಾಗದಷ್ಟು ಅಲ್ಲ, ಆದರೆ ಬೆಚ್ಚಗೆ ಇತ್ತು. ಕಲ್ಲಿನ ಸಂದಿಯಲ್ಲಿ ಹಲ್ಲಿಯೊಂದು ಆ ಬಿಸಿಗೇ ಅಂಟಿಕೊಂಡಿತ್ತು.

ಈ ಇಡೀ ದಡಕ್ಕೆ ಲಾವೊ ಅಂತ ಹೆಸರು. ಈ ಇಳಿಜಾರಿನಲ್ಲಿ ಕಾಡು ಕಡಿದು ದ್ರಾಕ್ಷಿ ಶುರುಮಾಡಿದವರು 12ನೇ ಶತಮಾನದ ಮಠದ ಸನ್ಯಾಸಿಗಳು. ಈಗ ಜಾಸ್ತಿ ಬೆಳೆಯುವುದು ಶಾಸ್ಲಾ ಎಂಬ ಬಿಳಿ ದ್ರಾಕ್ಷಿ. 2007ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅದಕ್ಕಿಂತ 30 ವರ್ಷ ಹಿಂದೆ. ಸರೋವರ ಕಾಣುವ ಬಿಸಿಲು ಗುಡ್ಡ ಅಂದರೆ ಬಂಗಲೆ ಕಟ್ಟುವವರಿಗೆ ಹಬ್ಬ ಅಲ್ವಾ? ಫ್ರಾನ್ಜ್ ವೆಬರ್ ಎಂಬ ಪರಿಸರ ಹೋರಾಟಗಾರ ಎದ್ದು ನಿಂತರು. 1977ರಲ್ಲಿ ವೋ ಪ್ರಾಂತ್ಯದ ಜನ ಮತ ಹಾಕಿ ಲಾವೊ ರಕ್ಷಣೆಯನ್ನು ತಮ್ಮ ಸಂವಿಧಾನಕ್ಕೇ ಸೇರಿಸಿದರು. ತೋಟಕ್ಕೆ ಸೈಟು ಹಾಕುವ ಹಾಗಿಲ್ಲ. ಹಾಗಾಗಿ ಜನ ಹೆಚ್ಚಬೇಕೆಂದರೆ ಇರುವ ಹಳೇ ಮನೆಗಳ ಒಳಗೇ ಹೆಚ್ಚಬೇಕು. ನಮ್ಮ ಊರ ಸುತ್ತ ತೋಟಗಳು ಲೇಔಟ್ ಆಗಿದ್ದನ್ನು ನೋಡಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತು, ಮುಚ್ಚಿಡುವುದಿಲ್ಲ.

ಅಂದಹಾಗೆ, ಮಗಳು ಬರುವಾಗ ಒಂದು ಬಾಟಲಿ ತರಲಿ. ಸ್ವಿಸ್ ವೈನನ್ನು ಹೆಚ್ಚುಕಡಿಮೆ ಪೂರ್ತಿ ಅವರೇ ಕುಡಿದು ಮುಗಿಸುತ್ತಾರೆ, ಹೊರಗೆ ಬರುವುದು 100ರಲ್ಲಿ ಒಂದೆರಡು ಪಾಲು. ನಿಮಗೆ ಅಭ್ಯಾಸ ಇಲ್ಲದಿದ್ದರೆ ಬರೆಯಿರಿ, ನನ್ನ ವಿಳಾಸ ಕಳಿಸುತ್ತೇನೆ.